ತುಮಕೂರಿನಲ್ಲಿ 40-60 ಸೈಟು, ಮನೆ ಹಿಂದೆ ಐದಾರು ಕೋಳಿ ಸಾಕುವ ಆಸೆ. ಎಲ್ಲಿಂದ ಶುರು ಮಾಡಲಿ?

ಹೊಸಬ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು 40-60 ಸೈಟು. ಮನೆ ಮುಂದಕ್ಕೆ ಕಟ್ಟಿದ್ದೇವೆ. ಹಿಂದೆ ಸುಮಾರು 10 ಅಡಿ ಅಗಲ, 30 ಅಡಿ ಉದ್ದದ ಜಾಗ ಉಳಿದಿದೆ. ಒಂದು ನುಗ್ಗೆ ಮರ, ಒಂದು ಕರಿಬೇವು, ಬಟ್ಟೆ ಒಗೆಯುವ ಕಲ್ಲು, ಅಷ್ಟೇ.

ಮಗಳಿಗೆ ಎಂಟು ವರ್ಷ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬಂದ ಮೇಲೆ ಕೋಳಿ ಬೇಕು ಅಂತ ಹಟ ಹಿಡಿದಿದ್ದಾಳೆ. ನಿಜ ಹೇಳಬೇಕೆಂದರೆ ನನಗೂ ಆಸೆ ಇದೆ. ಆದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಪೇಟೆಯಲ್ಲೇ, ಕೋಳಿಯನ್ನು ಕೈಯಲ್ಲಿ ಹಿಡಿದೂ ಗೊತ್ತಿಲ್ಲ.

ಅಮ್ಮ ಕುಣಿಗಲ್ ಕಡೆಯವರು. ಅವರ ತವರಿನಲ್ಲಿ ಯಾವಾಗಲೂ ಹತ್ತಿಪ್ಪತ್ತು ಕೋಳಿ ಇರುತ್ತಿದ್ದವಂತೆ. ಹೇಗೆ ಸಾಕುತ್ತಿದ್ದಿರಿ ಅಂತ ಕೇಳಿದರೆ, "ನಾವೆಲ್ಲಿ ಸಾಕಿದ್ವಪ್ಪ, ಬೆಳಗ್ಗೆ ಮಂಕರಿ ಎತ್ತಿದ್ರೆ ಹೋಗ್ತಿದ್ವು, ಸಂಜೆ ತಾವೇ ಬರ್ತಿದ್ವು" ಅನ್ನುತ್ತಾರೆ. ಇಲ್ಲಿ ಬೀದಿಗೆ ಬಿಡುವ ಹಾಗಿಲ್ಲ. ನಾಯಿಗಳು ಜಾಸ್ತಿ.

ಎಷ್ಟು ಕೋಳಿ ತರಬೇಕು? ನಾಟಿಯೋ, ಗಿರಿರಾಜವೋ? ಮರಿ ತರುವುದಾ, ಬೆಳೆದದ್ದಾ? ಪಕ್ಕದ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ, ಮಾಂಸ ಮುಟ್ಟದವರು. ತುಂಬಾ ಒಳ್ಳೆಯ ಜನ. ಅವರಿಗೆ ವಾಸನೆಯಿಂದ ತೊಂದರೆ ಆಗಬಾರದು. ನಮ್ಮ ರಸ್ತೆಯಲ್ಲಿ ವಾರಕ್ಕೊಮ್ಮೆ ಒಬ್ಬರು ಟಿವಿಎಸ್ ಮೇಲೆ ಬಣ್ಣಬಣ್ಣದ ಮರಿ ತರುತ್ತಾರೆ. ಮಗಳು ಗೇಟಿಗೆ ಓಡುತ್ತಾಳೆ. ಅದನ್ನೇ ತೆಗೆದುಕೊಂಡುಬಿಡಲಾ?

ಮದ್ದೂರು ಕಡೆಯವ

ಬಣ್ಣದ ಮರಿ ಮಾತ್ರ ಬೇಡ ಸರ್. ಮೊಟ್ಟೆ ಕೋಳಿ ಹ್ಯಾಚರಿಯಲ್ಲಿ ಹೆಣ್ಣು ಮರಿಯನ್ನು ಇಟ್ಟುಕೊಂಡು ಗಂಡನ್ನು ಹೊರಗೆ ಹಾಕುತ್ತಾರೆ. ಅವಕ್ಕೇ ಬಣ್ಣ ಅದ್ದಿ ಮಾರುವುದು. ಅವು ಮೊಟ್ಟೆ ಇಡುವುದಿಲ್ಲ. ಬಿಸಿಲಲ್ಲಿ ಸುತ್ತಿ ಸುಸ್ತಾಗಿ ಬಂದಿರುತ್ತವೆ. ರಾತ್ರಿ ಕಾವು ಸಿಗದಿದ್ದರೆ ನಾಲ್ಕೇ ದಿನದಲ್ಲಿ ಒಂದೊಂದಾಗಿ ಹೋಗುತ್ತವೆ. ಮಗು ಅಳುವುದನ್ನು ನೋಡುವುದು ಕಷ್ಟ. ನಮ್ಮ ಮನೆಯಲ್ಲಿ ಆಗಿದೆ.

ಹುಂಜವೂ ಬೇಡ. ಹೇಂಟೆ ಮೊಟ್ಟೆ ಇಡುವುದಕ್ಕೆ ಹುಂಜ ಬೇಕಿಲ್ಲ, ಮರಿ ಮಾಡಿಸುವುದಾದರೆ ಮಾತ್ರ ಬೇಕು. ಬೆಳಗಿನ ಜಾವ ನಾಲ್ಕಕ್ಕೇ ಕೂಗಲು ಶುರು ಮಾಡಿದರೆ ಪಕ್ಕದ ಮನೆಯ ಹಿರಿಯರ ನಿದ್ದೆ ಹೋಯಿತು ಅಂತಲೇ ಲೆಕ್ಕ.

ಹಿತ್ತಲಮನೆ, ಮೈಸೂರು

ನಿಮ್ಮ ಅಮ್ಮ ಹೇಳಿದ ಮಾತನ್ನು ಇನ್ನೊಮ್ಮೆ ಓದಿ. ಅವರು ಹೇಳಿದ್ದು ಸರಿ. ಹಳ್ಳಿಯಲ್ಲಿ ಕೋಳಿ ತನ್ನ ಹೊಟ್ಟೆ ತಾನೇ ಹೊರೆಯುತ್ತದೆ. ತಿಪ್ಪೆ ಕೆದರಿ ಹುಳ ತಿನ್ನುತ್ತದೆ, ಹಿಕ್ಕೆಯನ್ನು ಊರಿಗೆಲ್ಲ ಹಂಚುತ್ತದೆ, ಬೂದಿಗುಂಡಿಯಲ್ಲಿ ಹೊರಳಿ ಹೇನು ಕಳೆದುಕೊಳ್ಳುತ್ತದೆ, ನಾಯಿ ಬಂದರೆ ಮರ ಹತ್ತುತ್ತದೆ. ಸೈಟಿನೊಳಗೆ ಕೂಡಿಹಾಕಿದ ಮೇಲೆ ಆ ಕೆಲಸವೆಲ್ಲ ನಮ್ಮ ತಲೆ ಮೇಲೆ. ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ತುಂಬಾ ನೋವು ತಿಂದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನಾನು ಕುವೆಂಪುನಗರದಲ್ಲಿ ಆರು ವರ್ಷದಿಂದ ಕೋಳಿ ಸಾಕುತ್ತಿದ್ದೇನೆ. ಮೊದಲು ತಂದದ್ದು ಐದು ಹೇಂಟೆ. ಕೋಳಿ ತಂದ ಮೇಲೆ ಅವಸರವಾಗಿ ಗೂಡು ಕಟ್ಟಿಸಿದೆ. ಅಂಗಡಿಯವರು ಕೋಳಿ ಜಾಲರಿ ಅಂತ ಕೊಟ್ಟದ್ದನ್ನೇ ಸುತ್ತಿಸಿದೆ, ಆ ತೆಳು ತಂತಿಯ ಆರು ಮೂಲೆ ಕಣ್ಣಿನದು. ಹನ್ನೊಂದನೇ ದಿನ ಬೆಳಗ್ಗೆ ಹಿಂಬಾಗಿಲು ತೆಗೆದರೆ ಸದ್ದೇ ಇಲ್ಲ. ಕೆಳಗಡೆ ಜಾಲರಿ ಊಟದ ತಟ್ಟೆಯಷ್ಟು ಅಗಲಕ್ಕೆ ಕಿತ್ತು ಬಂದಿತ್ತು. ತಂತಿಯ ತುದಿಗೆ ಕಂದು ಪುಕ್ಕ ಸಿಕ್ಕಿಕೊಂಡಿತ್ತು. ಮುಂದಿನ ಮಣ್ಣಿನಲ್ಲಿ ನಾಯಿ ಕೆರೆದ ಗುರುತು. ಮೂರು ಕೋಳಿ ಹೋಗಿದ್ದವು. ಉಳಿದ ಎರಡು ಅಡ್ಡಗೋಲಿನ ಮೂಲೆಗೆ ಒತ್ತಿಕೊಂಡು ನಿಂತಿದ್ದವು. ಕಾಳು ಹಾಕಿದರೂ ಇಳಿಯಲಿಲ್ಲ. ಮಧ್ಯಾಹ್ನದವರೆಗೂ ಹಾಗೇ ನಿಂತಿದ್ದವು. ಕೊನೆಗೆ ನಾನೇ ಎತ್ತಿ ಇಳಿಸಿದೆ. ಕೈಯಲ್ಲಿ ಹಿಡಿದಾಗ ಎದೆ ಹೊಡೆದುಕೊಳ್ಳುತ್ತಿದ್ದುದು ಬೆರಳಿಗೆ ಗೊತ್ತಾಗುತ್ತಿತ್ತು.

ಆದ್ದರಿಂದ ದಯವಿಟ್ಟು ಮೊದಲು ಗೂಡು ಕಟ್ಟಿ, ಒಂದು ವಾರ ಖಾಲಿ ಬಿಡಿ, ರಾತ್ರಿ ಹೋಗಿ ಟಾರ್ಚ್ ಹಾಕಿ ಸಂದಿಗೊಂದಿ ನೋಡಿ. ಆಮೇಲೆ ಕೋಳಿ ತನ್ನಿ. ಆರು ಮೂಲೆ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ನಾಯಿಗೆ ಅದು ದಾರದ ಸಮ. ವೆಲ್ಡ್ ಮೆಶ್ ತನ್ನಿ, ಅಂದರೆ ತಂತಿ ಬೆಸೆದ ಗಟ್ಟಿ ಜಾಲರಿ, ಅರ್ಧ ಇಂಚಿನ ಕಣ್ಣಿನದು. ಹೆಗ್ಗಣವೂ ತೂರುವುದಿಲ್ಲ, ಹಾವೂ ಸುಲಭಕ್ಕೆ ನುಗ್ಗುವುದಿಲ್ಲ. ಮೆಶ್ ನೆಲಕ್ಕೆ ಮುಟ್ಟಿದಲ್ಲೇ ನಿಲ್ಲಿಸಬೇಡಿ. ಹೊರಗಡೆಗೆ ಒಂದು ಅಡಿ ಮಡಿಸಿ, ನೆಲದ ಮೇಲೆ ಮಲಗಿಸಿ, ಮೇಲೆ ಮಣ್ಣು ಎಳೆದು ಇಟ್ಟಿಗೆ ಹೇರಿ. ನಾಯಿ ಗೋಡೆ ಬುಡದಲ್ಲೇ ಕೆರೆಯುತ್ತದೆ, ಕೆರೆದ ಕಡೆಯೆಲ್ಲ ಮೆಶ್ ಸಿಗುತ್ತದೆ, ಬಿಟ್ಟು ಹೋಗುತ್ತದೆ. ಹಗಲು ಓಡಾಡುವ ಜಾಗಕ್ಕೂ ಮೇಲೆ ಬಲೆ ಬೇಕು. ಹದ್ದು, ಬೆಕ್ಕು ಎರಡೂ ಮೇಲಿನಿಂದ ಬರುತ್ತವೆ. ಮುಂಗುಸಿ ಮಾತ್ರ ಹಗಲು ಹೊತ್ತಿನಲ್ಲೇ ಬರುತ್ತದೆ, ನೆನಪಿರಲಿ.

ನಿಮ್ಮ ಜಾಗಕ್ಕೆ ಐದು, ಹೆಚ್ಚೆಂದರೆ ಆರು ಸಾಕು. ರಾತ್ರಿ ಮಲಗುವ ಗೂಡಿಗೆ ಒಂದು ಕೋಳಿಗೆ 4 ಚದರ ಅಡಿಯಂತೆ ಆರಕ್ಕೆ 4-6 ಅಡಿಯ ಗೂಡು. ಹಗಲು ಓಡಾಡುವುದಕ್ಕೆ ತಲಾ 10 ಚದರ ಅಡಿಯಾದರೂ ಬೇಕು. ಇಕ್ಕಟ್ಟಾದರೆ ಒಂದರ ಪುಕ್ಕ ಒಂದು ಕೀಳುತ್ತವೆ. ಒಮ್ಮೆ ರಕ್ತ ಕಂಡರೆ ನಿಲ್ಲಿಸುವುದೇ ಇಲ್ಲ. ಕೂರುವ ಗೋಲು ಪಾದ ಪೂರ್ತಿ ಊರುವಷ್ಟು, ಎರಡು ಇಂಚು ಅಗಲದ ಮರ ಇರಲಿ, ಮೂಲೆ ಉಜ್ಜಿ ನಯ ಮಾಡಿ. ಮೊಟ್ಟೆ ಇಡುವುದಕ್ಕೆ ಟೊಮ್ಯಾಟೊ ಕ್ರೇಟು ಎರಡು ಸಾಕು, ಒಳಗೆ ಒಣಹುಲ್ಲು ಹಾಕಿ. ಆದರೆ ಕ್ರೇಟು ಗೋಲಿಗಿಂತ ತಗ್ಗಿನಲ್ಲಿರಬೇಕು. ಕೋಳಿ ಎತ್ತರದ ಜಾಗ ಹುಡುಕಿ ಮಲಗುತ್ತದೆ. ಕ್ರೇಟೇ ಎತ್ತರದಲ್ಲಿದ್ದರೆ ಅದರಲ್ಲೇ ಮಲಗಿ ಅದರಲ್ಲೇ ಹಿಕ್ಕೆ ಹಾಕುತ್ತದೆ. ಆಮೇಲೆ ನಿಮಗೆ ದಿನಾ ಮೊಟ್ಟೆ ಒರೆಸುವ ಕೆಲಸ.

ಇನ್ನು ವಾಸನೆ. ನೀವು ಪಕ್ಕದ ಮನೆಯವರ ಬಗ್ಗೆ ಯೋಚಿಸಿದ್ದು ನೋಡಿ ಖುಷಿಯಾಯಿತು. ನಾನು ಮೊದಲು ಸಿಮೆಂಟ್ ನೆಲ ಮಾಡಿಸಿ ದಿನಾ ಬೆಳಗ್ಗೆ ಪೈಪ್ ಹಿಡಿದು ತೊಳೆಯುತ್ತಿದ್ದೆ. ಚೊಕ್ಕಟವಾಗಿಡುತ್ತಿದ್ದೇನೆ ಅಂತಲೇ ನಂಬಿದ್ದೆ. ಆದರೂ ವಾಸನೆ ದಿನದಿನಕ್ಕೆ ಜಾಸ್ತಿಯಾಯಿತು. ಒಂದು ದಿನ ಪಕ್ಕದ ಮನೆಯಾಕೆ ಕಾಂಪೌಂಡ್ ಹತ್ತಿರ ಬಂದು, ಸೆರಗು ಮೂಗಿಗೆ ಹಿಡಿದುಕೊಂಡು, "ನಿಮ್ಮ ಕೋಳಿಗೇನಾದ್ರೂ ಹುಷಾರಿಲ್ವಾ?" ಅಂದರು. ಬೈಯಲಿಲ್ಲ, ಅಷ್ಟೇ ಕೇಳಿದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ವಾಸನೆ ಹುಟ್ಟುವುದು ತೇವದಿಂದ. ಹಿಕ್ಕೆ ಒಣಗಿದರೆ ಅಷ್ಟು ನಾರುವುದಿಲ್ಲ, ನೀರು ಬಿದ್ದರೆ ಕಣ್ಣು ಉರಿಯುವಂಥ ಘಾಟು ಏಳುತ್ತದೆ. ತೊಳೆಯುವುದನ್ನು ಪೂರ್ತಿ ಬಿಟ್ಟೆ. ಭತ್ತದ ಹೊಟ್ಟು ಎರಡು ಮೂಟೆ ತರಿಸಿ ನಾಲ್ಕೈದು ಇಂಚು ದಪ್ಪ ಹಾಸಿದೆ, ಗುಡಿಸಿದ ಒಣ ಎಲೆಯನ್ನೂ ಸೇರಿಸಿದೆ. ದಿನಕ್ಕೊಮ್ಮೆ ಒಂದು ಹಿಡಿ ರಾಗಿ ಎರಚಿದರೆ ಕೋಳಿಗಳೇ ಕೆದರಿ ಮಗುಚಿ ಹಾಕುತ್ತವೆ. ವಾರಕ್ಕೊಮ್ಮೆ ನಾನು ಕೆಳಗಿನವರೆಗೆ ಕೆದಕುತ್ತೇನೆ. ಒಂದು ಹಿಡಿ ತೆಗೆದು ಅಮುಕಿ ನೋಡಿ. ಕೈ ಬಿಟ್ಟಾಗ ಉದುರಿದರೆ ಸರಿ ಇದೆ. ಉಂಡೆಯಾಗಿಯೇ ನಿಂತರೆ ತೇವ ಜಾಸ್ತಿ, ಆ ಜಾಗದ್ದನ್ನು ತೆಗೆದು ಹೊಸ ಹೊಟ್ಟು ಹಾಕಿ. ನೀರಿನ ಪಾತ್ರೆಯ ಸುತ್ತ ಯಾವಾಗಲೂ ಒದ್ದೆಯಾಗುತ್ತದೆ, ಅದನ್ನು ಎರಡು ಇಟ್ಟಿಗೆ ಮೇಲೆ ಕೋಳಿಯ ಬೆನ್ನಿನ ಎತ್ತರಕ್ಕೆ ಇಡಿ. ಹತ್ತು ಹದಿನೈದು ದಿನದಲ್ಲಿ ನಮ್ಮ ಹಿತ್ತಲು ಸರಿಹೋಯಿತು. ತೆಗೆದ ಹೊಟ್ಟನ್ನು ಮೂರು ತಿಂಗಳು ಗುಂಡಿಯಲ್ಲಿ ಕೊಳೆಸಿ ಗಿಡಕ್ಕೆ ಹಾಕುತ್ತೇನೆ. ಹಸಿಯಾಗಿ ಹಾಕಿದರೆ ಬೇರು ಸುಟ್ಟುಹೋಗುತ್ತದೆ. ಈಗ ಆ ಪಕ್ಕದ ಮನೆಯಾಕೆಯ ದಾಸವಾಳಕ್ಕೂ ಇದೇ ಗೊಬ್ಬರ.

ತಳಿಯ ವಿಷಯ. ಗಿರಿರಾಜ 1989ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಹುಟ್ಟಿದ ತಳಿ. ಅದಾದ ಮೇಲೆ 2005ರಲ್ಲಿ ಸ್ವರ್ಣಧಾರ ಬಂತು. ಎರಡೂ ಮೈ ತುಂಬಿದ ಕೋಳಿ, ಹಾರುವುದು ಕಡಿಮೆ, ಕಾವಿಗೆ ಕೂರುವುದಿಲ್ಲ. ವರ್ಷಕ್ಕೆ ಗಿರಿರಾಜ 130-150, ಸ್ವರ್ಣಧಾರ 180ರ ಹತ್ತಿರ ಮೊಟ್ಟೆ ಕೊಡುತ್ತವೆ. ನಾಟಿ ಕೋಳಿ ಅರವತ್ತರ ಆಸುಪಾಸು. ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. ಐದಡಿ ಕಾಂಪೌಂಡ್ ಅದಕ್ಕೆ ಲೆಕ್ಕವೇ ಅಲ್ಲ, ನಿಮ್ಮ ನುಗ್ಗೆ ಮರವನ್ನೂ ಹತ್ತುತ್ತದೆ. ಆದರೆ ಗಟ್ಟಿ ಜೀವ, ಚುರುಕು, ನೋಡಲು ಚೆಂದ. ನನಗೆ ನಾಟಿಯೇ ಇಷ್ಟ. ಆದರೂ ಮೊದಲ ಸಲ ಸಾಕುವವರಿಗೆ, ಅದೂ ಪಕ್ಕದ ಮನೆ ಹತ್ತಿರ ಇರುವವರಿಗೆ ನಾನು ಸ್ವರ್ಣಧಾರವನ್ನೇ ಹೇಳುತ್ತೇನೆ.

ಒಂದು ದಿನದ ಮರಿ ತರಬೇಡಿ. ಮೊದಲ ವಾರ 35 ಡಿಗ್ರಿ ಬಿಸಿ ಇರಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಬೇಕು. ಕರೆಂಟು ಹೋದ ರಾತ್ರಿ ಎದ್ದು ಕೂರಬೇಕು. ಮೂರು ಮೂರೂವರೆ ತಿಂಗಳ ಹೇಂಟೆ ತನ್ನಿ. ಬೆಲೆ ಜಾಸ್ತಿ ನಿಜ, ಆದರೆ ಸಾಯುವ ಕಾಲ ದಾಟಿರುತ್ತದೆ. ಎಲ್ಲವನ್ನೂ ಒಂದೇ ಕಡೆಯಿಂದ, ಒಂದೇ ದಿನ ತನ್ನಿ. ಮಧ್ಯೆ ಒಂದೊಂದಾಗಿ ಸೇರಿಸಿದರೆ ಹಳೆಯವು ಹೊಸದನ್ನು ಕುಕ್ಕಿ ಕುಕ್ಕಿ ಮೂಲೆಗೆ ತಳ್ಳುತ್ತವೆ.

ಊಟಕ್ಕೆ ಒಂದು ಕೋಳಿಗೆ ದಿನಕ್ಕೆ 110-120 ಗ್ರಾಂ. ಆರು ಕೋಳಿಗೆ ತಿಂಗಳಿಗೆ 20 ಕೆಜಿ ಸ್ವಲ್ಪ ಮೇಲೆ. 50 ಕೆಜಿ ಮೂಟೆ ಅಗ್ಗ ಅಂತ ತರಬೇಡಿ, ಮಳೆಗಾಲದಲ್ಲಿ ಎರಡು ತಿಂಗಳು ಇಟ್ಟರೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ಕೋಳಿಗೆ ವಿಷ. ಮೊಟ್ಟೆ ಶುರುವಾಗುವವರೆಗೆ ಗ್ರೋವರ್ ಫೀಡ್, ಆಮೇಲೆ ಲೇಯರ್ ಫೀಡ್. ಲೇಯರ್ ಫೀಡ್‌ನಲ್ಲಿ ಸುಣ್ಣದ ಅಂಶ ಜಾಸ್ತಿ, ಎಳೆಯ ಕೋಳಿಗೆ ಕೊಟ್ಟರೆ ಅದರ ಮೂತ್ರಪಿಂಡಕ್ಕೆ ಕೆಟ್ಟದ್ದು. ಮನೆಯಲ್ಲಿ ಮಿಕ್ಕ ಅನ್ನ ಒಂದು ಹಿಡಿ ಹಾಕಬಹುದು, ಅದೇ ಊಟ ಆಗಬಾರದು. ಬರೀ ಅನ್ನ ತಿಂದ ಕೋಳಿ ಕೊಬ್ಬುತ್ತದೆ, ಮೊಟ್ಟೆ ನಿಲ್ಲುತ್ತದೆ. ಉಪ್ಪು ಖಾರದ್ದು ಬೇಡವೇ ಬೇಡ. ನುಗ್ಗೆ ಸೊಪ್ಪು ನಿಮ್ಮ ಮನೆಯಲ್ಲೇ ಇದೆಯಲ್ಲ, ಒಂದು ಕಟ್ಟು ಮಾಡಿ ಅವುಗಳ ಕತ್ತಿನ ಎತ್ತರಕ್ಕೆ ನೇತುಹಾಕಿ. ಅರ್ಧ ಗಂಟೆಯಲ್ಲಿ ಕಡ್ಡಿ ಉಳಿಯುತ್ತದೆ. ಒಂದು ಹಳೆಯ ಟಬ್ಬಿಗೆ ಒಣ ಮಣ್ಣು ಮತ್ತು ಸೌದೆ ಬೂದಿ ಹಾಕಿ ನೆರಳಲ್ಲಿಡಿ. ಅದು ಅವುಗಳ ಸ್ನಾನ.

ಪಶು ಆಸ್ಪತ್ರೆ ಕೆಲಸದವ

ಮೇಲಿನ ಮೇಡಂ ಬರೆದದ್ದು ಚೆನ್ನಾಗಿದೆ. ಲಸಿಕೆ ಬಗ್ಗೆ ನಾನು ಹೇಳುತ್ತೇನೆ.

ಕೊಕ್ಕರೆ ರೋಗಕ್ಕೆ ಔಷಧಿ ಇಲ್ಲ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಕಂಡ ಮೇಲೆ ನಮ್ಮ ಹತ್ತಿರ ತಂದರೂ ಹೆಚ್ಚೇನೂ ಮಾಡಲಾಗುವುದಿಲ್ಲ. ಮೊದಲೇ ಲಸಿಕೆ ಹಾಕಿಸಿರಬೇಕು. ಮರಿಗೆ ಐದರಿಂದ ಏಳನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಒಂದು ಹನಿ. ಎರಡನೇ ವಾರ ಗುಂಬೋರೊ ಅನ್ನುವ ಇನ್ನೊಂದು ಕಾಯಿಲೆಯದು. ನಾಲ್ಕನೇ ವಾರ ಮತ್ತೆ ಕೊಕ್ಕರೆ ರೋಗದ್ದೇ, ಲಸೋಟ ಅನ್ನುವ ಲಸಿಕೆ. ಎಂಟನೇ ವಾರದ ಹೊತ್ತಿಗೆ ಅದೇ ರೋಗಕ್ಕೆ ರೆಕ್ಕೆ ಬುಡದಲ್ಲಿ ಆರ್‌2ಬಿ ಚುಚ್ಚುಮದ್ದು. ಕೋಳಿ ಸಿಡುಬಿನದು ಬೇರೆ. ನೀವು ಬೆಳೆದ ಹೇಂಟೆ ತರುವುದಾದರೆ ಇವುಗಳಲ್ಲಿ ಯಾವುದು ಯಾವ ತಾರೀಕಿಗೆ ಆಗಿದೆ ಅಂತ ಮಾರುವವರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. "ಎಲ್ಲಾ ಆಗಿದೆ ಸಾರ್" ಅನ್ನುವ ಮಾತನ್ನು ನಂಬಿಕೊಂಡು ಬರಬೇಡಿ.

ನೀವೇ ಹಾಕಿಸುವುದಾದರೆ ಒಂದು ತೊಡಕಿದೆ. ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಿಮ್ಮ ಬಡಾವಣೆಯಲ್ಲಿ ಕೋಳಿ ಸಾಕುವ ಇನ್ನೂ ನಾಲ್ಕು ಮನೆ ಹುಡುಕಿ, ಒಂದೇ ದಿನ ಸೇರಿ ಹಾಕಿಸಿ. ತರುವಾಗ ಐಸ್ ಹಾಕಿದ ಫ್ಲಾಸ್ಕ್ ಇರಲಿ. ಬಿಸಿಯಾದ ಲಸಿಕೆ ನೀರಿಗೆ ಸಮ.

ಒದ್ದೆ ಹೊಟ್ಟಿನಿಂದ ಇನ್ನೊಂದು ಕಾಯಿಲೆ, ರಕ್ತಭೇದಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಅವತ್ತೇ ಬನ್ನಿ, ಇದಕ್ಕೆ ಔಷಧಿ ಇದೆ. ಒಂದೆರಡು ದಿನದಲ್ಲಿ ಹಲವು ಕೋಳಿ ಒಟ್ಟಿಗೆ ಸತ್ತರೆ ಕೊಯ್ಯಬೇಡಿ, ಎಸೆಯಬೇಡಿ, ಆಸ್ಪತ್ರೆಗೆ ಹೇಳಿ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಬಂದಾಗ ಸುತ್ತ ಒಂದು ಕಿಲೋಮೀಟರ್‌ನೊಳಗಿನ ಕೋಳಿಗಳನ್ನು ಕೊಲ್ಲಬೇಕಾಯಿತು. ಬೇಗ ಗೊತ್ತಾದಷ್ಟೂ ಒಳ್ಳೆಯದು. ಮಗಳು ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ಮುತ್ತು ಕೊಡುವುದು ಬೇಡ.

ಹೊಸಬ, ತುಮಕೂರು

ಇಷ್ಟೊಂದು ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಬೂದಿಯ ಟಬ್ಬಿನ ಮಾತು ಬಂದಾಗ "ಹೌದು, ಒಲೆ ಬೂದಿಲಿ ಹೊರಳಾಡ್ತಿದ್ವು" ಅಂದರು. ಅಕ್ಕ, ಇನ್ನೆರಡು ಪ್ರಶ್ನೆ ಉಳಿದಿವೆ. ಹಬ್ಬಕ್ಕೆ ಊರಿಗೆ ಹೋದರೆ ಏನು ಮಾಡುವುದು? ವಯಸ್ಸಾಗಿ ಮೊಟ್ಟೆ ನಿಂತ ಮೇಲೆ ಏನು ಮಾಡುತ್ತೀರಿ? ಮಗಳು ಈಗಲೇ ಐದು ಹೆಸರು ಬರೆದಿಟ್ಟುಕೊಂಡಿದ್ದಾಳೆ.

ಹಿತ್ತಲಮನೆ, ಮೈಸೂರು

ಒಂದು ರಾತ್ರಿಯಾದರೆ ನೀರು, ಫೀಡ್ ಎರಡೂ ಜಾಸ್ತಿ ಇಟ್ಟು ಹೋಗಬಹುದು. ಎರಡನೇ ದಿನಕ್ಕೆ ಯಾರಾದರೂ ಬರಲೇಬೇಕು. ಬೆಳಗ್ಗೆ ಬಾಗಿಲು ತೆಗೆದು, ಸಂಜೆ ಎಣಿಸಿ ಹಾಕಬೇಕು. ಎಣಿಸುವುದು ಮುಖ್ಯ. ಕತ್ತಲಾಗುವ ಹೊತ್ತಿಗೆ ಅವು ತಾವೇ ಗೋಲು ಹತ್ತುತ್ತವೆ, ನಾವು ಲೆಕ್ಕ ನೋಡಿ ಚಿಲಕ ಹಾಕಿದರಾಯಿತು. ನಮ್ಮ ಎದುರು ಮನೆಯ ಹುಡುಗ ಮಾಡುತ್ತಾನೆ. ಆ ದಿನಗಳ ಮೊಟ್ಟೆ ಅವನಿಗೆ. ಏಪ್ರಿಲ್ ಮೇ ತಿಂಗಳಲ್ಲಿ ಮಾತ್ರ ನಾನು ಇಡೀ ದಿನ ಬಿಟ್ಟು ಹೋಗುವುದಿಲ್ಲ. ಒಂದು ಕೋಳಿ ದಿನಕ್ಕೆ ಕಾಲು ಲೀಟರ್ ಕುಡಿಯುತ್ತದೆ, ಬಿಸಿಲಲ್ಲಿ ಅದರ ಎರಡರಷ್ಟು. ರೆಕ್ಕೆ ಅಗಲಿಸಿಕೊಂಡು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕೂಡಲೇ ತಣ್ಣಗಿನ ನೀರು, ನೆರಳು ಬೇಕು. ಮಣ್ಣಿನ ಮಡಕೆಯ ನೀರು ಒಳ್ಳೆಯದು.

ಎರಡನೆಯದು ಕಷ್ಟದ ಪ್ರಶ್ನೆ. ಮೊದಲ ಎರಡು ವರ್ಷ ಮೊಟ್ಟೆ ಚೆನ್ನಾಗಿ ಬರುತ್ತದೆ, ಆಮೇಲೆ ಇಳಿಯುತ್ತದೆ. ಕೋಳಿ ಆರೇಳು ವರ್ಷ ಬದುಕಬಲ್ಲದು. ನೀವು ಏನೇ ಮಾಡಿ, ಕೋಳಿ ತರುವ ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸಿ, ಮಗಳಿಗೂ ಈಗಲೇ ಹೇಳಿ. ಅಡುಗೆಗೆ ಅಂತಾದರೆ ಅದನ್ನೂ ಹೇಳಿ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಇಲ್ಲಿಯವರೆಗೆ ನಮ್ಮ ಮನೆಯಲ್ಲೂ ಕೆಲವು ಹಾಗೇ ಹೋಗಿವೆ. ಶಾಲೆಯಿಂದ ಬಂದಾಗ ಗೂಡು ಖಾಲಿ, ಕೇಳಿದರೆ "ಊರಿಗೆ ಹೋಯಿತು" ಅನ್ನುವುದು ಮಾತ್ರ ಬೇಡ. ಮಕ್ಕಳು ಅದನ್ನು ಮರೆಯುವುದಿಲ್ಲ.

ಅವತ್ತು ನಾಯಿ ಬಂದ ರಾತ್ರಿ ಉಳಿದ ಎರಡನ್ನು ನಾನು ಯಾರಿಗೂ ಕೊಡಲಿಲ್ಲ. ಒಂದು ಹೋದ ದೀಪಾವಳಿಯ ಹಿಂದಿನ ವಾರ ಗೋಲಿನ ಕೆಳಗೆ ಮಲಗಿದ್ದಲ್ಲೇ ಹೋಯಿತು. ಇನ್ನೊಂದು ಈಗಲೂ ಇದೆ. ಮೊಟ್ಟೆ ಅಪರೂಪ. ಆದರೆ ಸಂಜೆ ಮೊದಲು ಗೋಲು ಹತ್ತುವುದು ಅದೇ, ಅದರ ಹಿಂದೆ ಉಳಿದವು.

ಹೊಸಬ, ತುಮಕೂರು

ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಾತಾಡುತ್ತೇವೆ. ಭಾನುವಾರ ಮೆಶ್ ತರಲು ಹೋಗುತ್ತಿದ್ದೇನೆ. ಮೇಲೆ ಹೊದಿಸುವುದಕ್ಕೆ ತಗಡಿನ ಶೀಟು ಆಗುತ್ತದಾ ಅಕ್ಕ? ಮನೆ ಕಟ್ಟಿದಾಗಿನದು ಎರಡು ಉಳಿದಿವೆ.

ಹಿತ್ತಲಮನೆ, ಮೈಸೂರು

ಆಗುತ್ತದೆ, ಹೊಸದು ಕೊಳ್ಳಬೇಡಿ. ಬಿಸಿಲಿಗೆ ಕಾಯದ ಹಾಗೆ ಮೇಲೆ ತೆಂಗಿನ ಗರಿ ಕಟ್ಟಿ. ಮಳೆ ಇರಚಲು ಒಳಗೆ ಬೀಳದಂತೆ ಸುತ್ತಲೂ ಎರಡು ಅಡಿ ಸೂರು ಬಿಡಿ. ಜಾಗ ಗುರುತು ಮಾಡುವ ಮೊದಲು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹಿಂದುಗಡೆ ಹೋಗಿ ನಿಂತು ನೋಡಿ. ನಿಮ್ಮ ನುಗ್ಗೆ ಮರದ ನೆರಳು ಎಲ್ಲಿ ಬೀಳುತ್ತದೋ ಅಲ್ಲೇ ಗೂಡು ಬರಲಿ.